ಗಾಡಿಯ ನೆರಳಲ್ಲಿ ವಾಲ್ಟರ್

ವಾಲ್ಟರ್ ಮೂರ್ಛೆ ಹೋಗಿರಲಿಲ್ಲ. ನಿದ್ದೆ ಮಾಡುತ್ತಿದ್ದ. ಎತ್ತಿ ನಿಲ್ಲಿಸಿದ ಗಾಡಿಯ ಕೆಳಗೆ ರಟ್ಟು ಹಾಸಿಕೊಂಡು, ಕಿವಿಗೆ ಹತ್ತಿ ತುರುಕಿಕೊಂಡು, ಎದೆಯ ಮೇಲೆ ಸ್ಪ್ಯಾನರ್ ಇಟ್ಟುಕೊಂಡು ಸುಖವಾಗಿ ನಿದ್ದೆ ಮಾಡುತ್ತಿದ್ದ. ಬೀದಿಯವರು, ಅವನ ಚರ್ಚಿನವರು, ಅವನ ಮಗಳು ಎಲ್ಲರೂ ಬೇರೆ ಕತೆ ಹೇಳುತ್ತಿದ್ದರು. ಆ ಕತೆ ಕೊಟ್ಟವಳು ನಾನೇ. ಕೊಟ್ಟ ಐದೇ ನಿಮಿಷಕ್ಕೆ ಅದು ಸುಳ್ಳೆಂದು ನನಗೆ ಗೊತ್ತಾಗಿತ್ತು.

ನಾನು ನಾಲ್ಕನೆಯ ಕ್ಲಾಸಿಗೆ ಸ್ಲೇಟು ಒಡೆದವಳು. ರಾಮನಗರದಲ್ಲಿ ರೇಷ್ಮೆಗೂಡಿನಿಂದ ನೂಲು ತೆಗೆಯುವ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ಬಿಸಿನೀರಿನಲ್ಲಿ ಕೈ ಬೇಯಿಸಿಕೊಂಡೆ. ಗಂಡ ಹೋದ ಮೇಲೆ ಮಗ ಇಲ್ಲಿಗೆ, ಅಡಿಲೇಡಿನ ಸ್ಯಾಲಿಸ್‌ಬರಿಗೆ, ಕರೆಸಿಕೊಂಡ. ಮಗ ಸೊಸೆ ಇಬ್ಬರೂ ಬೆಳಿಗ್ಗೆ ಆರೂವರೆಗೆ ಮನೆ ಬಿಟ್ಟರೆ ಬರುವುದು ಸಂಜೆ. ಹಗಲೆಲ್ಲ ನಾನು, ಹಿತ್ತಲ ಬಟ್ಟೆ ತಂತಿ, ತಗಡಿನ ಬೇಲಿ. ಬೇಲಿಯಾಚೆ ವಾಲ್ಟರ್.

ಬಂದ ವಾರವೇ ಒಂದು ದಿನ ಅಡುಗೆ ಮಾಡುತ್ತಿದ್ದಾಗ ಬೇಲಿಯ ಮೇಲೆ ಒಂದು ಬೋಳು ತಲೆ ಎದ್ದಿತು.

"ಅಮ್ಮ, ಕನ್ನಡದವರಾ?"

"ಹೌದಪ್ಪ. ನಿಂಗೆ ಹೆಂಗ್ ಗೊತ್ತಾಯ್ತು?"

"ಸಾರಿನ ವಾಸನೆ ಬಂತಲ್ಲ ಮಾರಾಯ್ರೆ. ನಂದು ಮಂಗಳೂರು. ಸ್ವಲ್ಪ ಕೊಟ್ರೆ ಬೇಡ ಅಂತ ಹೇಳುದಿಲ್ಲ."

ನನಗಿಂತ ಐದು ವರ್ಷ ಚಿಕ್ಕವನು. ಕುವೈತಿನ ಗ್ಯಾರೇಜಿನಲ್ಲಿ ಇಪ್ಪತ್ತೆರಡು ವರ್ಷ ದುಡಿದು, ಅಲ್ಲಿಂದ ಇಲ್ಲಿಗೆ ಬಂದು, ಇಲ್ಲೂ ಗ್ಯಾರೇಜಿನಲ್ಲೇ ಸವೆದು ನಿವೃತ್ತನಾಗಿದ್ದ. ಹೆಂಡತಿ ಲಿಲ್ಲಿ ನಾನು ಬಂದ ಮರುವರ್ಷ ತೀರಿಹೋದಳು. ಒಬ್ಬಳೇ ಮಗಳು ಐರಿನ್, ದೂರದ ಪರ್ತಿನಲ್ಲಿ. ಅಮ್ಮನ ಮಣ್ಣಿಗೆ ಬಂದಿದ್ದಾಗ ಅವಳು ನನ್ನ ಫೋನಿನಲ್ಲಿ ತನ್ನ ನಂಬರು ಹಾಕಿ, "ಆಂಟಿ, ಅಪ್ಪಂಗೆ ಏನಾದ್ರೂ ಆದ್ರೆ ಒಂದು ಕಾಲ್ ಮಾಡಿ, ಪ್ಲೀಸ್" ಎಂದು ಕೈ ಹಿಡಿದುಕೊಂಡಿದ್ದಳು.

ಸಾರಿನ ಋಣಕ್ಕೋ ಏನೋ, ಶನಿವಾರ ಬಂತೆಂದರೆ ಒಂಬತ್ತಕ್ಕೆ ಸರಿಯಾಗಿ ಅವನು ಹಾರ್ನ್ ಹೊಡೆಯುತ್ತಿದ್ದ. ನಾನು ಚೀಲ ಹಿಡಿದು ಹತ್ತುತ್ತಿದ್ದೆ. ಬ್ಲೇರ್ ಅಥಾಲಿನ ಇಂಡಿಯನ್ ಅಂಗಡಿಯಲ್ಲಿ ಕರಿಬೇವು, ಹೀರೇಕಾಯಿ, ನಸೀಬಿದ್ದರೆ ನುಗ್ಗೇಕಾಯಿ. ನಾನು ಬೆಂಡೆಯ ತುದಿ ಮುರಿದು ನೋಡುತ್ತ ನಿಂತರೆ ಅವನು ಪಕ್ಕದಲ್ಲಿ, "ಅಮ್ಮ, ಅದು ಬೆಂಡೆಕಾಯಿ. ಎಂಗೇಜ್‌ಮೆಂಟ್ ಅಲ್ಲ. ಬೇಗ ಮುಗಿಸಿ" ಎನ್ನುತ್ತಿದ್ದ. ಮಗನ ಹತ್ತಿರ ಕೇಳಿದರೆ ಎರಡು ವಾರ ಬೇಕು. ವಾಲ್ಟರನ ಹತ್ತಿರ ಕೇಳಬೇಕಾಗಿಯೇ ಇರಲಿಲ್ಲ.

ಅವನ ಗಾಡಿ ಇಪ್ಪತ್ತೈದು ವರ್ಷದ ಹಳೆಯದು. ಕಾಡಿಗೆ, ಮರಳಿಗೆ ಹೋಗುವ ಫೋರ್ ವೀಲ್ ಡ್ರೈವ್. ಬಣ್ಣ ಒಣಗಿದ ನುಗ್ಗೆಸೊಪ್ಪಿನದು. ಅದನ್ನು ಎರಡು ಇಂಚು ಎತ್ತಬೇಕೆಂಬುದು ಅವನ ಆಸೆ. ಚಕ್ರದ ಮೇಲಿನ ಹಳೆಯ ಸ್ಪ್ರಿಂಗ್ ತೆಗೆದು ಉದ್ದದ ಹೊಸ ಸ್ಪ್ರಿಂಗ್ ಕೂರಿಸಿದರೆ ಗಾಡಿ ಎತ್ತರವಾಗುತ್ತದೆ, ಮರಳಿನಲ್ಲಿ ಹೊಟ್ಟೆ ತಾಗುವುದಿಲ್ಲ.

"ಈ ವಯಸ್ಸಲ್ಲಿ ಯಾಕಯ್ಯ ಈ ಸರ್ಕಸ್ಸು?" ಎಂದೆ.

ಅವನು ನಗಲಿಲ್ಲ. "ಅಮ್ಮ, ಕುವೈತಲ್ಲಿ ನಾನು ಎಷ್ಟು ಗಾಡಿ ಎತ್ತಿದ್ದೇನೆ ಅಂತ ನನಗೇ ಲೆಕ್ಕ ಇಲ್ಲ. ಎಲ್ಲ ಮರುಭೂಮಿಗೆ ಹೋಗುವವರದ್ದು. ಗುರುವಾರ ಎತ್ತಿ ಕೊಡುದು, ಶುಕ್ರವಾರ ಅವರು ಹೋಗುದು, ಶನಿವಾರ ಮರಳು ತುಂಬಿಸಿಕೊಂಡು ಬರುದು. ನಾನು ಆ ಮರಳನ್ನು ಗುಡಿಸಿದ್ದೇನೆ. ಮರುಭೂಮಿ ನೋಡ್ಲಿಲ್ಲ. ಒಂದು ದಿನ ಸಹ ನೋಡ್ಲಿಲ್ಲ."

ಪ್ಲಾನ್ ಎಲ್ಲ ತಲೆಯಲ್ಲಿ ಸಿದ್ಧವಿತ್ತು. ಇಲ್ಲಿಂದ ಉತ್ತರಕ್ಕೆ ಹೋಗಿ ಕೆಂಪು ಮರಳಿನ ದಾರಿ ಹಿಡಿಯುವುದು. ಆಮೇಲೆ ಪಶ್ಚಿಮಕ್ಕೆ ತಿರುಗಿ, ನಿಧಾನವಾಗಿ, ಕಂಡಕಂಡಲ್ಲಿ ಮಲಗಿ ಎದ್ದು, ಒಂದು ತಿಂಗಳಿಗೆ ಪರ್ತ್ ತಲುಪುವುದು. ಮಗಳ ಮನೆ ಮುಂದೆ ನಿಂತು ಹಾರ್ನ್ ಹೊಡೆಯುವುದು. "ಅವಳು ಬಾಗಿಲು ತೆಗೆದಾಗ ಅವಳ ಮುಖ ನೋಡ್ಬೇಕು ನನಗೆ. ಅಷ್ಟೇ ಆಸೆ" ಎಂದ.

ಕೆಲಸ ಅವನು ತನ್ನ ಮನೆ ಮುಂದಿನ ಕಾಂಕ್ರೀಟಿನ ಮೇಲೆಯೇ ಮಾಡಿದ. ಮಾಡುವ ಮೊದಲು ಎಂಟು ದಿನ ಸಂಜೆ ಸಂಜೆ ಪ್ರತಿ ಬೋಲ್ಟಿಗೂ ಎಣ್ಣೆ ಬಿಡುತ್ತಿದ್ದ, ತುಳಸಿಗೆ ನೀರು ಹಾಕಿದ ಹಾಗೆ. "ತುಕ್ಕಿನ ಹತ್ರ ಜಗಳ ಮಾಡ್ಬಾರ್ದು ಅಮ್ಮ. ಅದಕ್ಕೆ ಟೈಮ್ ಕೊಡ್ಬೇಕು." ಟೇಪು ಹಿಡಿದು ನಾಲ್ಕೂ ಚಕ್ರದ ಎತ್ತರ ಅಳೆದು ಗ್ಯಾರೇಜಿನ ಗೋಡೆಗೆ ಸೀಮೆಸುಣ್ಣದಲ್ಲಿ ಬರೆದ. ಬಿಚ್ಚಿದ ಬೋಲ್ಟು ಹಾಕಲಿಕ್ಕೆ ನನ್ನ ಹಳೆಯ ಇಡ್ಲಿ ತಟ್ಟೆ ಕೇಳಿ ಒಯ್ದ. ಎಡ ಮುಂದಿನ ಬೋಲ್ಟು ಒಂದು ಗುಳಿಗೆ, ಬಲ ಮುಂದಿನದು ಇನ್ನೊಂದಕ್ಕೆ.

"ಇನ್ನು ಆ ತಟ್ಟೇಲಿ ನಾನು ಇಡ್ಲಿ ಬೇಯಿಸಂಗಿಲ್ಲ ಬಿಡು" ಎಂದು ಬೈದೆ.

"ಬೇಯಿಸಿ ಅಮ್ಮ, ಐರನ್ ಸಿಗ್ತದೆ."

ಕೈ ಕೆಲಸ ಯಾರದು ಒಳ್ಳೆಯದು, ಯಾರದು ಕೆಟ್ಟದ್ದು ಎಂದು ಹೇಳುವಷ್ಟು ನನಗೆ ಗೊತ್ತು. ನೂಲು ಬಿಗಿಯಾದರೆ ಹರಿಯುತ್ತದೆ, ಸಡಿಲಾದರೆ ಗಂಟು ಬೀಳುತ್ತದೆ. ವಾಲ್ಟರನ ಕೈಯಲ್ಲಿ ಆ ಹದವಿತ್ತು. ಗಾಡಿಯನ್ನು ಜಾಕಿನಿಂದ ಎತ್ತಿದವನು ಜಾಕಿನ ಮೇಲೆ ಬಿಡಲಿಲ್ಲ. ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಕೂರಿಸಿದ. ಅದೂ ಸಾಲದು ಎಂದು ಬಿಚ್ಚಿದ ಚಕ್ರಗಳನ್ನು ಗಾಡಿಯ ಹೊಟ್ಟೆಯ ಕೆಳಗೆ ಮಲಗಿಸಿದ. "ಜಾಕ್ ನಂಬಬಾರ್ದು. ಸ್ಟ್ಯಾಂಡ್ ನಂಬಬಹುದು. ಆದ್ರೂ ಟೈರ್ ಇಡ್ಬೇಕು. ನನ್ನ ಕೈಯಲ್ಲಿ ಒಂದು ಗಾಡಿ ಸಹ ಬಿದ್ದದ್ದಿಲ್ಲ." ಹೊಸ ಸ್ಪ್ರಿಂಗ್ ಕೂತ ಮೇಲೂ ಬೋಲ್ಟುಗಳನ್ನು ಕೈಯಲ್ಲಿ ತಿರುಗಿಸಿ ಬಿಟ್ಟ. ಯಾಕೆ ಎಂದು ಕೇಳಿದೆ. "ಗಾಡಿ ನೇತಾಡುವಾಗ ಬಿಗಿ ಮಾಡಿದ್ರೆ, ಕೆಳಗೆ ಇಳಿಸಿದ ಕೂಡ್ಲೆ ಒಳಗಿನ ರಬ್ಬರ್ ತಿರುಚಿ ಹರೀತದೆ. ನೆಲಕ್ಕೆ ಇಳಿದು ತನ್ನ ಭಾರ ತಾನು ಹೊತ್ತು ನಿಲ್ಬೇಕು. ಆಮೇಲೆ ಬಿಗಿ."

ಮೊದಲ ದಿನ ಮುಂದಿನ ಎರಡು ಮುಗಿದವು. ಎರಡನೆಯ ದಿನ ಹಿಂದಿನದು. ಅವತ್ತು ಬಿಸಿಲು ಅಂದರೆ ಬಿಸಿಲು, ಬಟ್ಟೆ ತಂತಿ ಮುಟ್ಟಿದರೆ ಕೈ ಸುಡುತ್ತಿತ್ತು. ಮಧ್ಯಾಹ್ನ ಹನ್ನೆರಡೂವರೆಗೆ ಚೊಂಬಿನಲ್ಲಿ ಮಜ್ಜಿಗೆ ತೆಗೆದುಕೊಂಡು ಹೋದೆ. ಗಾಡಿಯ ಕೆಳಗಿನಿಂದ ಎರಡು ಕಾಲು ಹೊರಗೆ ಚಾಚಿದ್ದವು. ಸುತ್ತಿಗೆ ಸದ್ದಿಲ್ಲ.

"ವಾಲ್ಟರ್" ಎಂದೆ. ಇಲ್ಲ. "ಏನಯ್ಯ, ಮಜ್ಜಿಗೆ" ಎಂದೆ. ಇಲ್ಲ. ಕಾಲು ಅಲುಗಾಡಲಿಲ್ಲ. ನನ್ನ ಗಂಡನ ಕಾಲು ಕೊನೆಗೆ ಹಾಗೇ ಇದ್ದವು.

ಮೂರು ಸೊನ್ನೆ ಒತ್ತಿದರೆ ಆಂಬುಲೆನ್ಸಿನವರು ಇಂಗ್ಲಿಷಿನಲ್ಲಿ ಕೇಳುತ್ತಾರೆ. ನನ್ನ ಇಂಗ್ಲಿಷು ಎಸ್, ನೋ, ಥ್ಯಾಂಕ್ಯೂಗೆ ಮುಗಿಯುತ್ತದೆ. ಐರಿನ್‌ಗೆ ಫೋನ್ ಮಾಡಿದೆ. "ನಿಮ್ಮಪ್ಪ ಕಾರಿನ ಕೆಳಗೆ ಎಚ್ಚರ ತಪ್ಪಿ ಬಿದ್ಬಿಟ್ಟಿದ್ದಾನೆ ಕಣಮ್ಮ" ಎಂದು ಕೂಗಿ ಫೋನ್ ಇಟ್ಟು, ಇದ್ದ ಮಜ್ಜಿಗೆಯನ್ನೆಲ್ಲ ಅವನ ಕಾಲಿಗೆ ಸುರಿದೆ.

ವಾಲ್ಟರ್ ಚಂಗನೆ ಎದ್ದ. ಎದ್ದ ಭರಕ್ಕೆ ಹಣೆ ಕಬ್ಬಿಣಕ್ಕೆ ಬಡಿಯಿತು.

"ಅಯ್ಯೋ ದೇವಾ! ಎಂತ ಅಮ್ಮ ಇದು?"

"ಸತ್ತೋದೆ ಅಂದ್ಕೊಂಡೆ ಕಣೋ!"

"ನಿದ್ದೆ ಅಮ್ಮ, ನಿದ್ದೆ! ಕುವೈತಲ್ಲಿ ಹನ್ನೆರಡರಿಂದ ಮೂರು ಎಲ್ಲರೂ ಗಾಡಿ ಕೆಳಗೇ ಮಲಗುದು. ಬೇರೆ ನೆರಳು ಎಲ್ಲಿ ಉಂಟು ಅಲ್ಲಿ?" ಹಣೆಯಿಂದ ರಕ್ತ ಮೂಗಿಗೆ ಇಳಿಯುತ್ತಿತ್ತು, ಅವನು ಕಾಲ ಮೇಲಿನ ಕರಿಬೇವು ತೆಗೆಯುತ್ತ ನಗುತ್ತಿದ್ದ. "ಒಗ್ಗರಣೆ ಸಹ ಹಾಕಿದ್ರಾ?"

ಆ ನಗುವಿನಲ್ಲೇ ಮಗಳಿಗೆ ಫೋನ್ ಮಾಡಿ, ಗಾಡಿ ಎತ್ತುತ್ತಿರುವುದು ಯಾಕೆ ಎಂಬುದನ್ನೂ ಹೇಳಿಬಿಟ್ಟ. ಅವಳು ನಂಬಲಿಲ್ಲ. ಮಾರನೆಯ ದಿನದ ವಿಮಾನಕ್ಕೆ ಬಂದಳು. ಅಷ್ಟರಲ್ಲಿ ವಾಲ್ಟರ್ ಹಿಂದಕ್ಕೆ ಹಳೆಯ ಸ್ಪ್ರಿಂಗನ್ನೇ ತಾತ್ಕಾಲಿಕವಾಗಿ ಕೂರಿಸಿ ಗಾಡಿ ಇಳಿಸಿದ್ದ. ಮುಂದೆ ಎತ್ತರ, ಹಿಂದೆ ತಗ್ಗು. ನೀರು ಕುಡಿದು ಮೂತಿ ಎತ್ತಿದ ಎಮ್ಮೆಯ ಹಾಗೆ ನಿಂತಿತ್ತು.

ಐರಿನ್ ಮೊದಲು ನೋಡಿದ್ದು ಹಣೆಯ ಪಟ್ಟಿ.

"ಇದೇನಪ್ಪ?"

"ಸ್ವಲ್ಪ ತಾಗಿತು" ಎಂದ. ಮಜ್ಜಿಗೆಯ ಮಾತು ಎತ್ತಲಿಲ್ಲ. ನನ್ನ ಮರ್ಯಾದೆ ಉಳಿಸಿದ.

"ನೀವು ಬಿದ್ದಿದ್ದು ಹೇಳಲ್ಲ. ನಂಗೊತ್ತು. ಒಬ್ರೇ ಡೆಸರ್ಟಿಗೆ ಹೋಗ್ತಾರಂತೆ! ಅಲ್ಲಿ ಹೀಗಾದ್ರೆ ಯಾರು ನೋಡ್ತಾರೆ? ಆಂಟಿ, ನೀವು ಹೇಳಿ. ನೀವು ನೋಡಿದ್ರಲ್ಲ. ಅಪ್ಪಂಗೆ ಎಚ್ಚರ ಇತ್ತಾ?"

ವಾಲ್ಟರ್ ನನ್ನ ಕಡೆ ನೋಡಿದ. ಗಾಬರಿಯೇನೂ ಇರಲಿಲ್ಲ ಆ ಮುಖದಲ್ಲಿ. ಇವಳು ಹೇಳುತ್ತಾಳೆ, ಮುಗಿಯುತ್ತದೆ ಎಂಬ ನೆಮ್ಮದಿಯೇ ಇತ್ತು. 'ನಿದ್ದೆ ಮಾಡ್ತಿದ್ದ ಕಣಮ್ಮ, ಹಣೆ ಒಡೆದದ್ದು ನಾನು' ಎಂದು ಎರಡು ಮಾತು ಸಾಕಿತ್ತು.

"ಎರಡು ಸಲ ಕೂಗಿದೆ. ಓಗೊಡಲಿಲ್ಲ" ಎಂದೆ.

ಅದು ಸುಳ್ಳಲ್ಲ. ನಿಜವೂ ಅಲ್ಲ. ವಾಲ್ಟರ್ "ಆಯ್ತು" ಎಂದು ಕೈ ಒರೆಸುವ ಬಟ್ಟೆ ಹುಡುಕಿಕೊಂಡು ಒಳಗೆ ಹೋದ.

ಬೈಸಿಕೊಳ್ಳುತ್ತಾನೆ, ಮರುಭೂಮಿ ಬಿಡುತ್ತಾನೆ, ಇಲ್ಲೇ ಇರುತ್ತಾನೆ. ನಾನು ಎಣಿಸಿದ್ದು ಅಷ್ಟು. ಐರಿನ್ ಹತ್ತು ದಿನದಲ್ಲಿ ಮನೆ ಖಾಲಿ ಮಾಡಿಸಿ ಅಪ್ಪನನ್ನು ಪರ್ತಿಗೆ ಕರೆದುಕೊಂಡು ಹೋದಳು. ವಿಮಾನದಲ್ಲಿ. ಮೂರೂವರೆ ಗಂಟೆಯ ದಾರಿ, ಅದೂ ಮೋಡದ ಮೇಲೆ. ಹೊರಡುವಾಗ ಅವನು ಬೇಲಿಯ ಹತ್ತಿರ ಬಂದು ಇಡ್ಲಿ ತಟ್ಟೆ ಕೊಟ್ಟ. ಒಂದು ಗುಳಿಯಲ್ಲಿ ಹಿಂಬದಿಯ ನಾಲ್ಕು ಬೋಲ್ಟು ಉಳಿದಿದ್ದವು. "ಮುಂದಿನದ್ದು ಬಿಗಿ ಮಾಡ್ಲಿಲ್ಲ ಅಮ್ಮ. ಗಾಡಿ ತಗೊಳ್ಳುವವರಿಗೆ ಹೇಳಿ" ಎಂದ. ಗಾಡಿಯನ್ನು ಎಳೆದೊಯ್ಯಲು ಬಂದ ಲಾರಿಯವನಿಗೆ ನಾನು ಕೈಯಲ್ಲಿ ತಿರುಪಿ ತಿರುಪಿ ತೋರಿಸಿದೆ. ಅವನು ಹೆಬ್ಬೆರಳು ಎತ್ತಿ, "ನೋ ವರೀಸ್, ಡಾರ್ಲ್" ಎಂದು ಹೋದ. ಅದು ಗುಜರಿಗೆ ಹೋಯಿತು ಎಂದು ಆಮೇಲೆ ಮಗ ಹೇಳಿದ.

ಶನಿವಾರಗಳು ಕೆಟ್ಟವು. ಬ್ರಿಸ್ಬೇನಿನ ಸ್ಪ್ರಿಂಗ್‌ಫೀಲ್ಡ್ ಲೇಕ್ಸಿನಲ್ಲಿರುವ ಮಗಳು, "ಇಲ್ಲಿಗೆ ಬಾಮ್ಮ" ಎಂದಳು. ಎರಡು ತಿಂಗಳು ಇದ್ದು ಬಂದೆ. ಅಲ್ಲಿ ಕೆರೆ ಇದೆ, ಬಾತುಕೋಳಿ ಇದೆ, ಬೈಯಲಿಕ್ಕೆ ಬೇಲಿಯಾಚೆ ಯಾರೂ ಇಲ್ಲ.

ವಾಲ್ಟರನನ್ನು ಕೊನೆಗೆ ನೋಡಿದ್ದು ಪರ್ತಿನಲ್ಲಿ. ನನ್ನ ತಂಗಿಯ ಮೊಮ್ಮಗುವಿನ ನಾಮಕರಣಕ್ಕೆ ಹೋದಾಗ ಮಗನ ಹತ್ತಿರ ಹಟ ಮಾಡಿ ಐರಿನ್ ಮನೆಗೆ ಕರೆದುಕೊಂಡು ಹೋಗು ಎಂದೆ. ಒಳ್ಳೆಯ ಮನೆ. ಗ್ಯಾರೇಜು ನಮ್ಮ ದೇವರ ಮನೆಗಿಂತ ಚೊಕ್ಕಟ, ಒಂದು ಎಣ್ಣೆಯ ಕಲೆ ಇಲ್ಲ. ವಾಲ್ಟರ್ ಹಿತ್ತಲಲ್ಲಿ ದೊಡ್ಡ ಮರದ ಕೆಳಗೆ ಕುರ್ಚಿಯಲ್ಲಿ ಕೂತಿದ್ದ. ಉಗುರುಗಳು ಬೆಳ್ಳಗಾಗಿದ್ದವು. ಅವು ಕಪ್ಪಗಿಲ್ಲದ್ದನ್ನು ನಾನು ನೋಡಿಯೇ ಇರಲಿಲ್ಲ.

"ಹೆಂಗಿದ್ದೀಯಯ್ಯ?"

"ಮಗಳು ಚೆನ್ನಾಗಿ ನೋಡ್ತಾಳೆ ಅಮ್ಮ. ಊಟ, ಮದ್ದು, ಎಲ್ಲ ಟೈಮಿಗೆ." ಮರದ ಕಡೆ ನೋಡಿದ. "ಇಲ್ಲಿ ನೆರಳು ಬೇಕಾದಷ್ಟು ಉಂಟು. ನಿದ್ದೆ ಬರುದಿಲ್ಲ."

ಆಗಲೂ ಐರಿನ್ ಒಳಗೆ ಟೀ ಮಾಡುತ್ತಿದ್ದಳು, ಹತ್ತು ಹೆಜ್ಜೆ ದೂರ. ಆಗಲೂ ಹೇಳಬಹುದಿತ್ತು. ಟೀ ಕುಡಿದು ಬಂದೆ.

ಹೋದ ಜೂನಿನಲ್ಲಿ ಒಂದು ಶುಕ್ರವಾರ ಸಂಜೆ ಐರಿನ್ ಫೋನು ಬಂತು. ಬೆಳಿಗ್ಗೆ ಹಾಸಿಗೆಯಲ್ಲೇ ಎದೆ ನಿಂತಿತಂತೆ. ನಾನು ಅಳಲಿಲ್ಲ, ನನಗೆ ಬರುವುದಿಲ್ಲ. ಅವಳೇ ಅಳುತ್ತ ಹೇಳಿದಳು: "ಆಂಟಿ, ನೀವು ಅವತ್ತು ಕಾಲ್ ಮಾಡದಿದ್ರೆ ಅಪ್ಪ ಆ ಕಾರಿನ ಕೆಳಗೇ ಹೋಗ್ಬಿಡ್ತಿದ್ರು. ಒಂದೂವರೆ ವರ್ಷ ನಂಗೆ ಸಿಕ್ಕಿದ್ದು ನಿಮ್ಮಿಂದ. ಮಂಗಳವಾರ ಚರ್ಚಲ್ಲಿ ನಾನು ಮಾತಾಡ್ಬೇಕು. ಅದನ್ನ ಎಲ್ಲರ ಮುಂದೆ ಹೇಳ್ತೀನಿ."

"ಹೂಂ" ಎಂದೆ. ಫೋನ್ ಇಟ್ಟ ಮೇಲೆ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದೆ. ಒಂದು ಗಾಡಿಯನ್ನೂ ಬೀಳಿಸದವನು. ಅವನ ಪೆಟ್ಟಿಗೆಯ ಮುಂದೆ ನಿಂತು, ಕೆಲಸ ಮಾಡಲಾಗದೆ ಗಾಡಿಯ ಕೆಳಗೆ ಬಿದ್ದಿದ್ದ ಮುದುಕ ಎಂದು ಅವನ ಮಗಳೇ ಹೇಳುತ್ತಾಳೆ. ಕೇಳಿಕೊಂಡು ಮಲಗಿರಬೇಕು ಅವನು.

ಶನಿವಾರ ಬೆಳಿಗ್ಗೆ ಎದ್ದು ಸ್ನಾನ ಮಾಡಿದೆ. ಪರ್ತ್ ನಮಗಿಂತ ಒಂದೂವರೆ ಗಂಟೆ ಹಿಂದೆ. ಅವಳಿಗೆ ಏಳಾಗಲಿ ಎಂದು ಎಂಟೂವರೆವರೆಗೆ ಕಾದು ಫೋನ್ ಮಾಡಿದೆ.

"ಐರಿನ್, ನಿಮ್ಮಪ್ಪಂಗೆ ಅವತ್ತು ಏನೂ ಆಗಿರಲಿಲ್ಲ. ನಿದ್ದೆ ಮಾಡ್ತಿದ್ದ. ಹಣೆ ಒಡೆದದ್ದು ನಾನು ಮಜ್ಜಿಗೆ ಸುರಿದಾಗ. ಗಾಡಿ ಭದ್ರವಾಗಿತ್ತು, ಅವನ ಕೆಲಸ ಸರಿಯಾಗಿತ್ತು. ಚರ್ಚಲ್ಲಿ ಇದನ್ನ ಹೇಳು."

"ನಾನು ಅವತ್ತು ನಿಮ್ಮನ್ನೇ ಕೇಳಿದೆ ಆಂಟಿ. ಯಾಕೆ ಹೇಳ್ಲಿಲ್ಲ?" ಎಂದಳು.

"ಅವನು ಒಂದು ತಿಂಗಳು ಹೋಗಿಬಿಟ್ರೆ ಶನಿವಾರ ನನ್ನ ತರಕಾರಿಗೆ ಕರ್ಕೊಂಡು ಹೋಗೋರು ಯಾರೂ ಇರಲಿಲ್ಲ" ಎಂದೆ.

ಅವಳು ಫೋನ್ ಇಟ್ಟಳು. ಒಂಬತ್ತಾಗುತ್ತಿತ್ತು. ಚೀಲ ತೆಗೆದುಕೊಂಡು ಬಸ್ ಸ್ಟಾಪಿಗೆ ನಡೆದೆ.