ಅತ್ತೆಯ ನೀಲಿ ಅಗಸೆ

ಬಾಣಲೆಯಲ್ಲಿ ಅಗಸೆ ಬೀಜ ಚಟಪಟ ಸಿಡಿದು, ಎಣ್ಣೆ ಬಿಟ್ಟುಕೊಂಡ ಕಾಳಿನ ಘಮ ಮೂಗಿಗೆ ಬಡಿದರೆ ಸಾಕು, ನಾನು ಹೆಬಳೆಯ ನಮ್ಮ ಅಂಗಳದಲ್ಲಿರುತ್ತೇನೆ. ಆ ಅಂಗಳ ಈಗಿಲ್ಲ, ಅಲ್ಲಿ ಓಡಾಡಿದ ಅತ್ತೆಯೂ ಅಜ್ಜಿಯೂ ಇಲ್ಲ. ಅದರ ಮೇಲೆ ನಾಲ್ಕು ಪಥದ ರಸ್ತೆ ಮಲಗಿದೆ. ಊರು ಮುಂದೆ ಬಂತು ಎಂದು ಹೊಗಳುವವರು ಹೊಗಳಿಕೊಳ್ಳಲಿ. ನನ್ನ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಸಿಕೊಳ್ಳುವ ಮನಸ್ಸೂ ಇಲ್ಲ. ನಿಮ್ಮ ಅಂಗಳವೂ ಹೀಗೇ ಹೋಗಿದ್ದರೆ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅತ್ತೆ ಎಂದರೆ ಅಪ್ಪನ ಅಕ್ಕ. ಗಂಡ ತೀರಿಹೋದ ಮೇಲೆ ನಮ್ಮ ಮನೆಯಲ್ಲೇ ಇದ್ದಳು. ಸಂತೆಗೆ ಬರುತ್ತಿದ್ದ ಘಟ್ಟದ ಮೇಲಿನ ಹೆಂಗಸೊಬ್ಬಳು ಅಗಸೆ ಅಳೆದು ಕೊಡುತ್ತ, ಇದರ ಹೂವು ನೀಲಿ ಎಂದಳಂತೆ. ಅತ್ತೆಗೆ ಅಷ್ಟೇ ಸಾಕಾಯಿತು. ಆದರೆ ನಮ್ಮವರಿಗೆ ಗೊತ್ತಿದ್ದದ್ದು ಭತ್ತದ ದಾರಿ ಒಂದೇ. ಮಳೆ ಹಿಡಿಯುತ್ತಲೇ ಅವಳು ಆ ಬೀಜವನ್ನು ಭತ್ತದಂತೆ ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ, ಮೇಲೆ ಕಲ್ಲು ಹೇರಿ ಮೊಳಕೆಗೆ ಇಟ್ಟಳು. ಮರುದಿನ ಗಂಟು ಬಿಚ್ಚಿದರೆ ಬರೀ ಲೋಳೆ! ಬಟ್ಟೆಗೂ ಕೈಗೂ ಅಂಟಿಕೊಂಡು ಜೋಲಾಡುವ ಲೋಳೆ. ಅಜ್ಜಿ ಮಗಳ ಅವಸ್ಥೆ ನೋಡಿ ನಕ್ಕು ನಕ್ಕು ಸುಸ್ತಾದಳು. "ಬಿತ್ತುದೆಂತಕ್ಕೆ, ತಲೆಗೆ ಹಚ್ಕಂಡು ಮಿಂದ್ಬಾರೇ" ಎಂದಳು. ಅತ್ತೆ ನಗಲಿಲ್ಲ. ಮುಂದಿನ ಸಂತೆಯಲ್ಲಿ ಅದೇ ಹೆಂಗಸನ್ನು ಹುಡುಕಿ ಕೇಳಿಕೊಂಡು ಬಂದಳು. ಗದ್ದೆ ಕೊಯ್ಲು ಮುಗಿದು ಇಬ್ಬನಿ ಬೀಳತೊಡಗಿದಾಗ ಹರಿವೆ ಸಾಲಿನ ಪಕ್ಕ ಒಣಬೀಜವನ್ನೇ ಉದುರಿಸಿದಳು. ಆ ಚಳಿಗಾಲ ಅಂಗಳದ ಅಂಚು ನೀಲಿಯಾಯಿತು. ಮುಡಿಯಲಿಕ್ಕೆ ಬಾರದ ಹೂವಿಗೆ ನೀರು ದಂಡ ಎಂದು ಅಜ್ಜಿ ಗೊಣಗಿದಷ್ಟೂ ಅತ್ತೆ ವರ್ಷ ವರ್ಷ ಸಾಲನ್ನು ಉದ್ದ ಮಾಡಿದಳು.

ಮನೆ ರಸ್ತೆಗೆ ಹೋಗುತ್ತದೆ ಎಂದು ಸರ್ಕಾರದವರು ಗೋಡೆಗೆ ಕೆಂಪು ಗೆರೆ ಎಳೆದ ವರ್ಷವೂ ಅವಳು ಬೀಜ ಹಿಡಿದು ಹೊರಟಳು. "ಹೂ ಆಗುವಷ್ಟ್ರಲ್ಲಿ ಮಷೀನು ಬತ್ತದೆ ಅಕ್ಕಾ" ಎಂದು ಅಪ್ಪ ತಡೆದ. "ಬರ್ಲಿ. ಅದ್ರನ್ನ ಕೇಳಿ ಬಿತ್ತುದಾ ನಾನು?" ಎಂದಳು.

ಹೂ ಬಿಟ್ಟಿತು. ಮಷೀನೂ ಬಂತು, ಸಾಲು ತುಂಬ ಅರಳಿದ್ದ ಒಂದು ಬೆಳಿಗ್ಗೆಯೇ. ಸಾಮಾನೆಲ್ಲ ಟೆಂಪೋಗೆ ಹೇರಿಯಾಗಿತ್ತು. ಅಜ್ಜಿ ಜಗಲಿಯಲ್ಲಿ ಕೂತು ಅಳುತ್ತಿದ್ದಳು. ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಹೂವಿನ ಮುಂದೆ ನಿಂತಳು. "ಈ ಹೂವು ಮಧ್ಯಾಹ್ನಕ್ಕೆ ತಾನೇ ಉದುರ್ತದೆ. ಅಲ್ಲಿವರೆಗೆ ಮುಟ್ಬೇಡ ತಮ್ಮಾ. ಆಮೇಲೆ ನಿನ್ನ ಕೆಲ್ಸ ನೀ ಮಾಡು" ಎಂದು ಮಷೀನಿನ ಚಾಲಕನಿಗೆ ಹೇಳಿದಳು. ರಸ್ತೆ ಕೆಲಸದ ಮೇಲ್ವಿಚಾರಕ ಗದರಿದ, ಯಾರಿಗೋ ಫೋನು ಹಚ್ಚಿದ. ಅವಳು ಜಗ್ಗಲಿಲ್ಲ. ಅಜ್ಜಿ ಎದ್ದು, ಕಣ್ಣೊರೆಸಿಕೊಂಡು, ಮಗಳ ಪಕ್ಕ ಹೋಗಿ ನಿಂತಳು. ಚಾಲಕ ಕೊನೆಗೆ ಎಂಜಿನ್ ಬಂದ್ ಮಾಡಿ ಕೆಳಗಿಳಿದ.

ಬಿಸಿಲು ನೆತ್ತಿಗೆ ಬಂದಂತೆ ಎಸಳುಗಳು ಒಂದೊಂದಾಗಿ ನೆಲಕ್ಕಿಳಿದವು. ಅಷ್ಟು ದೊಡ್ಡ ರಸ್ತೆ ಅಲ್ಲಿಯವರೆಗೂ ನಮ್ಮ ಅಂಗಳದ ಹೊರಗೆ ಕಾಯುತ್ತಿತ್ತು. ಗಿಡದಲ್ಲಿ ಒಂದು ಎಸಳೂ ಉಳಿದಿಲ್ಲ ಎಂದು ಖಾತ್ರಿಯಾದ ಮೇಲೆ ಅತ್ತೆ ಸಿಕ್ಕಿಸಿದ್ದ ಸೆರಗು ಇಳಿಬಿಟ್ಟು, ಅಜ್ಜಿಯ ಕೈ ಹಿಡಿದು ಪಕ್ಕಕ್ಕೆ ಸರಿದಳು. "ಆತು, ಬಾ" ಎಂದು ಮಷೀನನ್ನು ಅವಳೇ ಕರೆದಳು.