ಇಪ್ಪತ್ತು ಹೆಜ್ಜೆ ಆಚೆಗೆ ಬಿದ್ದ ಬಿಳಿ ಪಟ್ಟೆ

ವಾರ್ಡಿನ ರಸ್ತೆಗಳಿಗೆ ಬಿಳಿ ಪಟ್ಟೆ ಬಳಿಯುವವನನ್ನು ಊರೆಲ್ಲ ಪಟ್ಟೆಯಣ್ಣ ಅನ್ನುತ್ತಿತ್ತು. ಹೆಂಡತಿ ಮಾತ್ರ ಅಣ್ಣ ಬಿಟ್ಟಿದ್ದಳು, ಬಿಡದೆ ಗತಿಯಿರಲಿಲ್ಲ. ಇಪ್ಪತ್ತೆರಡು ವರ್ಷದ ಕೆಲಸ. ಮಾತು ಬಲು ಕಡಿಮೆ. ಅವನ ಬಾಯಿಂದ ಮಾತು ಹೊರಡಿಸುವುದಕ್ಕಿಂತ ಒಣಗಿದ ಡಬ್ಬಿಯಿಂದ ಬಣ್ಣ ಕೆರೆಯುವುದು ಸುಲಭ.

ಶಾಲೆ ಶುರುವಾಗಲು ನಾಲ್ಕು ದಿನವಿತ್ತು. ಕೌನ್ಸಿಲರ್ ಮನೆಮನೆಗೆ ಕರಪತ್ರ ಹಂಚಿಸಿದ್ದ. ಅರ್ಧ ಪುಟ ಅವನ ಮುಖವೇ. ಉಳಿದರ್ಧದಲ್ಲಿ ಪ್ರಶ್ನೆಗಳು. ಮಗುವಿಗೆ ಮನೆಯ ವಿಳಾಸ ಬಾಯಿಪಾಠ ಬರುತ್ತದೆಯೇ? ಚೀಲ ಮಗುವಿಗಿಂತ ಭಾರವಿದೆಯೇ? ಕೆಲಸಕ್ಕೆ ಹೊರಡುವಾಗ ಹಿತ್ತಲ ಬಾಗಿಲಿಗೆ ಬೀಗ ಹಾಕಿದಿರಾ? ಕೊನೆಗೆ ದಪ್ಪಕ್ಷರದಲ್ಲಿ: ಬಿಳಿ ಪಟ್ಟೆಯ ಮೇಲೆಯೇ ರಸ್ತೆ ದಾಟಿ. ಪ್ರಶ್ನೆಯಿದ್ದರೆ ನನ್ನನ್ನೇ ಕೇಳಿ.

ಹೆಂಡತಿ ಓದಿ ಹೇಳಿದಳು. "ಎಲ್ಲಿದೆ ರೀ ಪಟ್ಟೆ? ಹೋದ ವರ್ಷಾನೇ ಅಳಿಸಿ ಹೋಯ್ತಲ್ಲ!"

"ಬಳೀತೀನಿ."

ಎಲ್ಲಿ ಬಳಿಯಬೇಕೆಂದು ಕೌನ್ಸಿಲರ್ ಸೀಮೆಸುಣ್ಣದಲ್ಲಿ ಗುರುತು ಹಾಕಿಸಿದ್ದ, ತನ್ನ ಆಫೀಸಿನ ಎದುರಿಗೇ. ಮಕ್ಕಳು ದಾಟುವ ಫೋಟೊದಲ್ಲಿ ಹಿಂದೆ ತನ್ನ ಬೋರ್ಡು ಕಾಣಬೇಕಲ್ಲ! ಆದರೆ ಪಟ್ಟೆಯಣ್ಣನಿಗೆ ತನ್ನದೇ ಒಂದು ಪದ್ಧತಿ. ಶಾಲೆಯಲ್ಲಿ ಪುಸ್ತಕ ಹಂಚುವ ದಿನ, ಮಕ್ಕಳು ಬರುವ ಮುಂಚೆ, ರಸ್ತೆಯ ಅಂಚಿನುದ್ದಕ್ಕೂ ಸುಣ್ಣದ ಪುಡಿ ಎರಚಿದ. ಅವರು ಹೋದ ಮೇಲೆ ಕುಕ್ಕರಗಾಲಲ್ಲಿ ಕೂತು ನೋಡಿದ. ಪುಟ್ಟ ಹೆಜ್ಜೆಗಳೆಲ್ಲ ಪೆನ್ಸಿಲ್ ಅಂಗಡಿಯ ಮುಂದೆ, ಗುರುತಿನಿಂದ ಇಪ್ಪತ್ತು ಹೆಜ್ಜೆ ಆಚೆ. ಗುರುತಿನ ಹತ್ತಿರ ಇದ್ದದ್ದು ಒಂದು ನಾಯಿಯ ಹೆಜ್ಜೆ. ಅದೂ ಹಾಗೇ ವಾಪಸು ಹೋಗಿತ್ತು. ಅಲ್ಲಿ ತಿರುವು, ಬಸ್ಸು ಮೂಗಿಗೆ ತಾಗುವವರೆಗೂ ಕಾಣುವುದಿಲ್ಲ.

ಪಟ್ಟೆಯಣ್ಣ ಅಂಗಡಿಯ ಮುಂದೆ ಬಳಿದ.

"ತಲೆ ನೆಟ್ಟಗಿದೆಯಾ ನಿಮಗೆ? ಕೆಲ್ಸದಿಂದ ತೆಗೀತಾನೆ ನೋಡಿ," ಅಂದಳು ಹೆಂಡತಿ.

"ನೋಡೋಣ."

"ಏನ್ ನೋಡೋದು? ಆಮೇಲೆ ಅಡುಗೆಮನೆಗೆ ಪಟ್ಟೆ ಬಳ್ಕೊಂಡು ಕೂತ್ಕೊಳ್ಳಿ."

ಶಾಲೆ ಶುರುವಾದ ಬೆಳಿಗ್ಗೆ ಕೌನ್ಸಿಲರ್ ಫೋಟೊದವನನ್ನು ಕಟ್ಟಿಕೊಂಡು ಬಂದ. ಪಟ್ಟೆ ನೋಡಿದ್ದೇ ಮುಖ ಕೆಂಪಾಯಿತು.

"ಅಲ್ಲಿ ಬಳಿಯೋಕೆ ಯಾರಯ್ಯ ಹೇಳಿದ್ದು?"

"ಮಕ್ಕಳು."

"ಮಕ್ಕಳಿಗೇನು ವೋಟಿದೆಯಾ?"

"ಇಲ್ಲ ಸಾರ್. ಕಾಲಿದೆ."

"ಸಂಜೆಯೊಳಗೆ ಕಪ್ಪು ಬಣ್ಣ ಹೊಡೆದು ಮುಚ್ಚು. ಇಲ್ಲಾಂದ್ರೆ ನಾಳೆಯಿಂದ ಬೇರೆಯವನು ಬರ್ತಾನೆ."

ಈ ವಯಸ್ಸಿನಲ್ಲಿ ಪಟ್ಟೆಯಣ್ಣನ ಕೈಗೆ ಬೇರೆ ಕೆಲಸ ಯಾರು ಕೊಡುತ್ತಾರೆ? ಆದರೂ ಬ್ರಷ್ಷು ಕೆಳಗಿಟ್ಟು ಹೇಳಿದ. "ಮುಚ್ತೀನಿ ಸಾರ್. ನಿಮ್ಮ ಗುರುತಿನ ಹತ್ರ ನೀವೊಂದ್ಸಲ ದಾಟಿ ತೋರ್ಸಿಬಿಡಿ."

ಆ ವರ್ಷ ಅವನು ಇಷ್ಟುದ್ದ ಮಾತಾಡಿರಲಿಲ್ಲ. ಮಕ್ಕಳನ್ನು ಬಿಡಲು ಬಂದ ತಾಯಂದಿರು ಕಣ್ಣರಳಿಸಿ ನಿಂತರು. ಇನ್ನು ಹಿಂದೆಗೆದರೆ ಮರ್ಯಾದೆ ಪ್ರಶ್ನೆ. ಕೌನ್ಸಿಲರ್ ಎದೆಯುಬ್ಬಿಸಿ ರಸ್ತೆಗಿಳಿದ. ಮೂರು ಹೆಜ್ಜೆ ಇಟ್ಟಿದ್ದ, ಅಷ್ಟೇ. ತಿರುವಿನಿಂದ ಬಸ್ಸು ನುಗ್ಗಿತು. ಅವನು ಹಿಂದಕ್ಕೆ ಹಾರಿದ ರಭಸಕ್ಕೆ ಒಂದು ಚಪ್ಪಲಿ ರಸ್ತೆಯಲ್ಲೇ ಉಳಿದು ಅಪ್ಪಚ್ಚಿಯಾಯಿತು. ಫೋಟೊದವನು ಅದರ ಫೋಟೊ ತೆಗೆದ.

ಒಬ್ಬ ತಾಯಿ ಕರಪತ್ರ ಎತ್ತಿ ಹಿಡಿದಳು. "ಪ್ರಶ್ನೆ ಕೇಳಿ ಅಂದಿದ್ದೀರಲ್ಲ ಸಾರ್. ಈಗ ಹೇಳಿ, ನಮ್ಮ ಮಕ್ಳು ಎಲ್ಲಿ ದಾಟ್ಬೇಕು?"

ಕೌನ್ಸಿಲರ್ ಏದುಸಿರು ಬಿಡುತ್ತಾ ಸುತ್ತ ನೋಡಿದ. "ಅಲ್ಲೇ ಕಣಮ್ಮ, ಅಂಗಡಿ ಮುಂದೆ. ನಾನೇ ತಾನೆ ಇವನಿಗೆ ಹೇಳಿ ಬಳಿಸಿದ್ದು!"

ಪಟ್ಟೆಯಣ್ಣ ಬ್ರಷ್ಷು ಎತ್ತಿಕೊಂಡು ಹೋಗಿ ಪಟ್ಟೆಯ ಅಂಚಿಗೆ ಇನ್ನೊಂದು ಸಲ ಬಳಿದ. ಹೇಳಿ ಬಳಿಸಿದ ಪಟ್ಟೆಯನ್ನು ಯಾರೂ ಮುಚ್ಚಿಸುವುದಿಲ್ಲ, ಹೇಳಿದ ಹಾಗೆ ಬಳಿದವನನ್ನು ಯಾರೂ ತೆಗೆಯುವುದಿಲ್ಲ. ಅವನಿಗೆ ಅಷ್ಟು ಸಾಕು.

ಮಕ್ಕಳು ಸಾಲಾಗಿ ಪಟ್ಟೆಯ ಮೇಲೆ ಹೊರಟರು. ಕೌನ್ಸಿಲರ್ ಕುಂಟುತ್ತಾ ಬಂದು, ಲೋಕದ ಬಸ್ಸುಗಳನ್ನೆಲ್ಲ ತಡೆಯುವವನಂತೆ ಕೈ ಚಾಚಿ ಫೋಟೊಗೆ ನಿಂತ.

"ಸಾರ್," ಪಟ್ಟೆಯಣ್ಣ ಮೆಲ್ಲಗೆ ಹೇಳಿದ, "ಆ ಬರಿಗಾಲು ಸ್ವಲ್ಪ ಈಚೆ ಇಡಿ. ಅಂಚಿಗೆ ಈಗ ತಾನೇ ಬಳಿದಿದ್ದೀನಿ."