ಅಂಗೈಯ ವಾಸನೆ

ಗುರುಲಿಂಗವ್ವನ ಹೆಸರು ಕಿವಿಗೆ ಬೀಳುವ ಮೊದಲೇ ಅವಳ ಎಣ್ಣೆಯ ವಾಸನೆ ಶಾರವ್ವನ ಮೂಗಿಗೆ ಬಡಿದಿತ್ತು. ಅದು ಎಪ್ಪತ್ಮೂರನೆಯ ಇಸವಿ. ಕಮತಗಿಯಿಂದ ಮದುವೆಯಾಗಿ ಇಳಕಲ್ಲಿಗೆ ಬಂದು ಇನ್ನೂ ಕಾಲಿನ ಅರಿಷಿಣ ಮಾಸಿರಲಿಲ್ಲ. ಮುಂಜಾನೆ ರೊಟ್ಟಿ ಬಡಿಯುತ್ತಿದ್ದಾಗ ಗೋಡೆಯಾಚೆಯ ಮನೆಯಿಂದ ಒಂದು ನಾತ ತೇಲಿ ಬಂತು. ನೆನೆದ ಚರ್ಮಕ್ಕೆ ಕರ್ಪೂರ ತಿಕ್ಕಿದಂಥ ನಾತ. ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ಅದು ಗುರುಲಿಂಗವ್ವನ ಎಣ್ಣಿ," ಎಂದಳು ಅತ್ತೆ ಸೋಮವ್ವ. "ಕೀಲುಬ್ಯಾನಿ ಆಕಿಗೆ. ಚಲೋ ಹೆಣಮಗಳು. ಆದ್ರ ಆಕಿ ಕೈಯಾಗಿಂದು ಏನೂ ತಿನಬ್ಯಾಡ."

ಇಷ್ಟು ಹೇಳಿದವಳೇ ಮಧ್ಯಾಹ್ನ ಸೊಸೆಯನ್ನು ಆ ಮನೆಗೇ ಕಳಿಸಿದಳು, ಕೊಂಡಿ ಕಲಿಯಲಿಕ್ಕೆ. ಸೀರೆಯ ಸೆರಗಿನ ರೇಷ್ಮೆ ಎಳೆಗೆ ಮೈಯ ನೂಲಿನ ಎಳೆಯನ್ನು ಒಂದೊಂದಾಗಿ ಸಿಕ್ಕಿಸಿ ಕೂಡಿಸುವುದೇ ಕೊಂಡಿ. ಆ ಕೆಲಸದಲ್ಲಿ ಗುರುಲಿಂಗವ್ವನನ್ನು ಮೀರಿಸುವವರು ಓಣಿಯಲ್ಲಿ ಇರಲಿಲ್ಲ. ಈಗ ಅವಳ ಬೆರಳುಗಳು ಹಸಿಶುಂಠಿಯ ಗಡ್ಡೆಗಳಾಗಿದ್ದವು. ಬರೀ ಬಾಯಿಂದ ಕಲಿಸುತ್ತಿದ್ದಳು. ಶಾರವ್ವನ ಎಳೆ ದಪ್ಪಗಾದರೆ, ಎಮ್ಮಿ ಕಟ್ಟಾಕ ಹಗ್ಗ ಹೊಸೀತಿಯೇನು ಎಂದು ಕೇಳುತ್ತಿದ್ದಳು.

ದಿನಾ ಹೋಗುತ್ತ ಹೋಗುತ್ತ ಶಾರವ್ವನಿಗೆ ಆ ಮನೆಯ ಮುಂಜಾನೆಗಳು ತಿಳಿದವು. ಎದ್ದಾಗ ಗುರುಲಿಂಗವ್ವನ ಎರಡೂ ಕೈ ಮುಷ್ಟಿಯಾಗಿರುತ್ತಿದ್ದವು. ಕುಪ್ಪಸದ ಗಂಟು ಬಿಚ್ಚಲು ಹಲ್ಲು ಬೇಕು. ಚಹಾದ ಬಟ್ಟಲನ್ನು ಎರಡು ಮಣಿಕಟ್ಟಿನ ನಡುವೆ ಹಿಡಿದು, ದನ ಮುಸುರೆಗೆ ಬಗ್ಗಿದಂತೆ ಬಗ್ಗಿ ಕುಡಿಯುತ್ತಿದ್ದಳು. ಆ ಮನೆಯ ಸೊಸೆ ಅತ್ತೆಯ ತಾಟು ಬಟ್ಟಲನ್ನು ಬೇರೆ ಇಟ್ಟು, ಕಾಲಿನಿಂದ ಮುಂದೆ ಸರಿಸುತ್ತಿದ್ದಳು. ಬಾಗಲಕೋಟೆಯ ಡಾಕ್ಟರರು ಕೊಟ್ಟ ಗುಳಿಗೆ ಹೊಟ್ಟೆ ಸುಟ್ಟಿತ್ತು, ಕೈ ಹಾಗೇ ಉಳಿದಿತ್ತು. ಕೀಲು ಸಡಿಲಿಸುತ್ತಿದ್ದದ್ದು ಆ ನಾತದ ಎಣ್ಣೆ ಒಂದೇ. ಕಾಡುಬೇರಿನ ಎಣ್ಣೆಯೆಂದು ಮಗ ಕಾಶಪ್ಪ ಹುನಗುಂದದ ಸಂತೆಯಿಂದ ತಂದು ಕೊಡುತ್ತಿದ್ದ.

ಎಣ್ಣೆ ತಿಕ್ಕಿ, ಬಿಸಿನೀರಿನಲ್ಲಿ ಕೈ ಅದ್ದಿ, ಎಡಗೈಯ ಬೆರಳುಗಳನ್ನು ಒಂದೊಂದಾಗಿ ನೆಲಕ್ಕೆ ಒತ್ತಿ ಬಿಡಿಸುವಳು. ಕಟಕಟ ಸದ್ದಾಗುತ್ತಿತ್ತು. ಆ ಸದ್ದಿಗೆ ಶಾರವ್ವನ ಹಲ್ಲು ಜುಮ್ಮೆನ್ನುತ್ತಿದ್ದವು. ಅಂಗೈ ಬಿಚ್ಚಿದ ಮೇಲೆ ಕೊರಳ ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು ಅದರ ಮೇಲಿಟ್ಟು ಪೂಜೆಗೆ ಕೂಡುವಳು.

"ಕೊಂಡಿ ಹೋಗ್ಲಿ, ರೊಟ್ಟಿ ಹೋಗ್ಲಿ," ಎನ್ನುತ್ತಿದ್ದಳು. "ಈ ಅಂಗೈ ಒಂದು ಮುಚ್ಚಬಾರದು."

ಒಮ್ಮೆ ಭಿಕ್ಷಕ್ಕೆ ಬಂದ ಸಂಗಯ್ಯ ಸ್ವಾಮಿಗಳು, ಇಷ್ಟು ತ್ರಾಸು ಯಾಕವ್ವ, ಲಿಂಗವನ್ನು ತಾಟಿನ ಮೇಲಿಟ್ಟು ಪೂಜೆ ಮಾಡು ಎಂದರು. ಸೊಸೆ ಕಾಲಿನಿಂದ ಸರಿಸಿದ್ದ ತಾಟು ಎದುರಿಗೇ ಇತ್ತು. ಗುರುಲಿಂಗವ್ವ ಅದನ್ನೊಮ್ಮೆ ನೋಡಿ, ಅಯ್ಯನವರಿಗೆ ಹಿಟ್ಟು ನೀಡಿ ಕಳಿಸೆಂದು ಸೊಸೆಗೆ ಹೇಳಿದಳು.

ಮೂರು ವರ್ಷ ಹೀಗೇ ನಡೆಯಿತು. ನಾತವೂ ಶಾರವ್ವನಿಗೆ ರೂಢಿಯಾಯಿತು. ಆಮೇಲೆ ಒಂದು ಸಲ ಅತ್ತೆಯ ಜೊತೆ ಅವಳೇ ಹುನಗುಂದದ ಸಂತೆಗೆ ಹೋದಳು. ಮೆಣಸಿನಕಾಯಿ ಮಾರುವ ಕಡೆಯಿಂದ ತಿರುಗಿದ್ದೇ ತಡ, ಅದೇ ನಾತ. ಮರದ ಕೆಳಗೆ ಒಬ್ಬ ಹರಕು ತಾಡಪತ್ರಿ ಹಾಸಿ ಕುಳಿತಿದ್ದ. ಮುಂದೆ ನಾಲ್ಕಾರು ಜೀವಂತ ಉಡ. ಓಡಬಾರದೆಂದು ಅವುಗಳ ಬೆನ್ನೆಲುಬನ್ನೇ ಮುರಿದಿದ್ದ. ಕಣ್ಣು ಮಾತ್ರ ಪಿಳಿಪಿಳಿ ಎನ್ನುತ್ತಿದ್ದವು. ಪಕ್ಕದಲ್ಲಿ ಒಂದನ್ನು ಹೊಟ್ಟೆ ಸೀಳಿ, ಹಳದಿ ಕೊಬ್ಬನ್ನು ಬೆರಳಿನಿಂದ ಬಗೆದು ಬಾಣಲೆಗೆ ಹಾಕುತ್ತಿದ್ದ. ಅದು ಚರಚರ ಕರಗುತ್ತಿತ್ತು. ಶೀಸೆ ಹಿಡಿದು ಕಾಯುತ್ತ ನಿಂತವನು ಕಾಶಪ್ಪ.

ಶಾರವ್ವ ಅಲ್ಲೇ ಬಗ್ಗಿ ವಾಂತಿ ಮಾಡಿಕೊಂಡಳು. ಈರುಳ್ಳಿ ಬೆಳ್ಳುಳ್ಳಿಯನ್ನೂ ಮುಟ್ಟದೆ ಪೂಜೆಗೆ ಕೂಡುವ ಹೆಂಗಸಿನ ಅಂಗೈಗೆ ಇಷ್ಟು ವರ್ಷ ಇದು! ಅದರ ಮೇಲೆ ಲಿಂಗ!

ಕಾಶಪ್ಪ ಶೀಸೆಯ ಬಿರಡೆ ಒತ್ತುತ್ತ ಹತ್ತಿರ ಬಂದ. ಮುಖದಲ್ಲಿ ನಾಚಿಕೆಯ ಎಳೆಯೂ ಇರಲಿಲ್ಲ.

"ಅವ್ವನ ಕೈ ಬಿಚ್ಚತೈತಿಲ್ಲ? ಮತ್ತೇನು ಬೇಕು ನಿನಗ? ಸುಮ್ಮನಿರು."

"ನೀ ಹಚ್ಚಿಕೋತಿಯೇನು ಇದನ್ನ?"

"ನನಗೇನು ಬ್ಯಾನಿ ಐತಿ?" ಎಂದು ನಕ್ಕ.

ಆ ನಗೆ ಬಾಣಲೆಗಿಂತ ಹೇಸಿಗೆಯಾಗಿ ಕಂಡಿತು ಶಾರವ್ವನಿಗೆ. ಆದರೆ ಅವನ ಮಾತು ದಾರಿಯುದ್ದಕ್ಕೂ ಬಸ್ಸಿನಲ್ಲಿ ಅವಳ ಬೆನ್ನು ಹತ್ತಿತು. ಹೇಳಿದರೆ ಮುದುಕಿ ಎಣ್ಣೆ ಬಿಡುತ್ತಾಳೆ, ಬಿಟ್ಟರೆ ಅಂಗೈ ಮುಚ್ಚುತ್ತದೆ. ಹೇಳದಿದ್ದರೆ ನಾಳೆ ಮುಂಜಾನೆ ಮತ್ತೆ ಆ ಕೊಬ್ಬಿನ ಮೇಲೆ ಲಿಂಗ ಕೂಡುತ್ತದೆ. ಅದನ್ನು ಇನ್ನೊಮ್ಮೆ ಕೂತು ನೋಡುವುದು ತನ್ನಿಂದಾಗದು ಎನಿಸಿತು.

ಮರುದಿನ ಎಣ್ಣೆ ತಿಕ್ಕುವ ಮೊದಲೇ ಹೋಗಿ ಹೇಳಿಬಿಟ್ಟಳು. ಗುರುಲಿಂಗವ್ವ ಅಳಲಿಲ್ಲ, ಬೈಯಲಿಲ್ಲ. ಯಾವ ಪ್ರಾಣಿ ಎಂದಷ್ಟೇ ಕೇಳಿದಳು. ಕೇಳಿಕೊಂಡು, ಮುಷ್ಟಿಯನ್ನು ಬಿಸಿನೀರಿಗೆ ಅದ್ದಿ ನೆಲಕ್ಕೆ ಒತ್ತಿ ಒತ್ತಿ ಬಿಡಿಸಿ, ಒಲೆಯ ಬೂದಿ ತರಿಸಿ ಅಂಗೈ ತಿಕ್ಕಿದಳು. ಹುಣಸೆಹಣ್ಣು ಹಚ್ಚಿ ತಿಕ್ಕಿದಳು. ಇಟ್ಟಂಗಿಪುಡಿ ಹಾಕಿ ರಕ್ತ ಬರುವ ತನಕ ತಿಕ್ಕಿದಳು. ಮಗ ಒಳಗೆ ಬಂದರೆ ಮುಖ ಅತ್ತ ತಿರುಗಿಸಿದಳು.

"ಇನ್ನೂ ನಾರತೈತಿ," ಎಂದಳು.

ಅಂದಿನಿಂದ ಎಣ್ಣೆ ನಿಂತಿತು. ಶಾರವ್ವ ದಿನಾ ಮುಂಜಾನೆ ಉಪ್ಪು ಹುರಿದು ಅರಿವೆಯಲ್ಲಿ ಗಂಟು ಕಟ್ಟಿ ಶಾಖ ಕೊಟ್ಟು, ಬೆರಳು ಬಿಡಿಸಲು ಕೂಡುತ್ತಿದ್ದಳು. ಮುದುಕಿ ಸೆರಗು ಕಚ್ಚಿಕೊಂಡು ಗೋಡೆ ನೋಡುವಳು. ಕಾಶಪ್ಪ ಸುಮ್ಮನಿರುವ ಪೈಕಿಯವನಲ್ಲ. ಆ ಉಡದೆಣ್ಣೆಯನ್ನೇ ಒಮ್ಮೆ ಕೊಬ್ಬರಿ ಎಣ್ಣೆಯ ಶೀಸೆಯಲ್ಲಿ, ಒಮ್ಮೆ ಔಡಲೆಣ್ಣೆಯಲ್ಲಿ ಕಲಸಿ ತಂದ. ಹಾಗಾಗಿ ಮನೆಗೆ ಏನು ಬಂದರೂ ಗುರುಲಿಂಗವ್ವ ಮೊದಲು ಶಾರವ್ವನ ಮೂಗಿಗೆ ಹಿಡಿಸುತ್ತಿದ್ದಳು. ತನ್ನ ಮೂಗಿನ ಮೇಲೆ ಅವಳಿಗೆ ಭರವಸೆ ಉಳಿದಿರಲಿಲ್ಲ. ಆ ಮೂಗಿಗೆ ಎಲ್ಲವೂ ಉಡದಂತೆಯೇ ನಾರುತ್ತಿತ್ತು.

ಎಂಬತ್ತರ ಹೊತ್ತಿಗೆ ಉಪ್ಪಿನ ಶಾಖಕ್ಕೂ ಅಂಗೈ ಬಿಚ್ಚದಾಯಿತು. ಕರಡಿಗೆಯನ್ನು ಹಣೆಗೆ ಮುಟ್ಟಿಸಿಕೊಂಡು ಸುಮ್ಮನೆ ಕೂಡುವಳು. ಕೈ ಅನ್ನೋದು ದನದ ಗೊರಸಾತು ಎಂದು ಅದನ್ನು ಕಂಡರೇ ಮುಖ ಕಿವುಚುವಳು. ತಾಟಿನ ಮೇಲೆ ಮಾತ್ರ ಲಿಂಗ ಇಡಲಿಲ್ಲ.

ಎಂಬತ್ನಾಲ್ಕರ ಮಳೆಗಾಲದಲ್ಲಿ ಜ್ವರ ಹಿಡಿದು ಮಲಗಿದಳು. ಅನ್ನ ನೀರು ಬಿಟ್ಟು ಮೈಯೆಲ್ಲ ಸಡಿಲಾದ ಮೇಲೆ, ಒಂದು ಮುಂಜಾನೆ ಶಾರವ್ವ ರೂಢಿಯಂತೆ ಎಡಗೈ ಹಿಡಿದಾಗ ಬೆರಳುಗಳು ಎಂದಿನಂತೆ ಎದುರು ನಿಲ್ಲಲಿಲ್ಲ. ಪೂರ್ತಿ ಅಲ್ಲ, ಲಿಂಗ ಕೂಡುವಷ್ಟು ತೆರೆದವು. ಒಳಗಿನ ಚರ್ಮ ಬೆಳ್ಳಗೆ ಮೆತ್ತಗಾಗಿ, ಉಗುರು ಚುಚ್ಚಿದ ಕಡೆ ಕೀವು ಕಟ್ಟಿತ್ತು. ಬಿಸಿನೀರಿನ ಅರಿವೆಯಿಂದ ಒರೆಸಿ, ವಿಭೂತಿ ಹಚ್ಚಿ, ಶಾರವ್ವ ಮುದುಕಿಯ ಬಲಗೈಯ ಜೊತೆ ತನ್ನ ಕೈ ಕೂಡಿಸಿ ಕರಡಿಗೆ ಬಿಚ್ಚಿದಳು.

ಗುರುಲಿಂಗವ್ವ ತಲೆ ಅಲ್ಲಾಡಿಸಿ ತಡೆದಳು. ತೆರೆದ ಅಂಗೈಯನ್ನು ಎತ್ತಲಾರದೆ ಎತ್ತಿ, ಶಾರವ್ವನ ಮುಖದ ಹತ್ತಿರ ತಂದಳು.

"ಇಡೂದಕ್ಕಿಂತ ಮೊದಲ ಒಮ್ಮೆ ಮೂಸಿ ನೋಡು, ಶಾರಿ. ನನ್ನ ಸಮಾಧಾನಕ್ಕ ಹೇಳಬ್ಯಾಡ. ಖರೆ ಹೇಳು."